ನಲವತ್ತು ನಿಮಿಷದ ಲೈನು

ಕೊಟ್ಟೂರಿನ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯ ಬಾಗಿಲು ತೆಗೆಸಿದಾಗ ಮೊದಲು ಹೊರಗೆ ಬಂದದ್ದು ಒಂದು ಹಲ್ಲಿ. ಆಮೇಲೆ ಆ ವಾಸನೆ ಬಂತು. ಗುಜರಿಗೆ ಹಾಕಬೇಕಾದ ಸಾಮಾನಿನ ಪಟ್ಟಿ ಮಾಡಲು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಐವತ್ತರ ಹತ್ತಿರ ಬಂದ, ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವ ಮನುಷ್ಯನಿಗೆ ಇಂಥ ಕೆಲಸ ಹೇಳಿಮಾಡಿಸಿದ್ದು. ಬ್ಯಾಟರಿಗಳನ್ನು ಎಂದೋ ಸಾಗಿಸಿದ್ದರು. ಆದರೆ ಅವುಗಳ ಆ್ಯಸಿಡ್ಡು ನೆಲದ ಬಂಡೆಯೊಳಕ್ಕೆ ಇಳಿದಿತ್ತು. ಹುಳಿಯಾದ, ಗಂಟಲ ಹಿಂದೆ ಹೋಗಿ ಕೂರುವ ವಾಸನೆ. ಹೊರಗೆ ಆಷಾಢದ ಗಾಳಿ ಬೀದಿಯ ಮಣ್ಣನ್ನೆಲ್ಲ ಎತ್ತಿ ಕಿಟಕಿಗೆ ಚೆಲ್ಲುತ್ತಿತ್ತು. ಜೊತೆಗೆ ಬಂದಿದ್ದ ಗುಮಾಸ್ತ, ಯಾಕ್ರೀ ಸಾರ್, ತಲೆ ಸುತ್ತುತ್ತಾ ಎಂದು ಕೇಳಿದ. ಸಕ್ಕರೆ ಕಾಯಿಲೆ ಎಂದೆ. ಆ ಕಾಯಿಲೆಯಿಂದ ನನಗಾಗಿರುವ ಒಂದೇ ಉಪಯೋಗ ಅದು, ಎಲ್ಲದಕ್ಕೂ ಉತ್ತರವಾಗಿ ಬರುತ್ತದೆ.

ನಾನು ಆ ಕೋಣೆಯ ಪಕ್ಕದ ಕೋಣೆಯಲ್ಲಿ ಒಂದು ಆಷಾಢ ಕಳೆದಿದ್ದೆ. ಎಂಬತ್ತರ ದಶಕ ಮುಗಿಯಲು ಒಂದೆರಡು ವರ್ಷವಿತ್ತು. ನನಗೆ ಇಪ್ಪತ್ಮೂರು. ಹೊಳೆಯಂಚಿನ ಮಾಗಳದ ಹುಡುಗ, ದೂರದ ಊರಲ್ಲಿ ಆರು ತಿಂಗಳು ತರಬೇತಿ ಮುಗಿಸಿ, ಇನ್ನೂ ಖಾಯಂ ಆಗದ ನೌಕರಿಯಲ್ಲಿ ಕೊಟ್ಟೂರಿಗೆ ಬಂದಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಟೆಲಿಫೋನ್ ಕೆಲಸಕ್ಕೆ ಆಗ ನಮ್ಮದೇ ಕಚೇರಿ. ಅಲ್ಲಿಗೆ ಒಂದು ಕಂಪ್ಯೂಟರ್ ಬಂದಿತ್ತು. ಧೂಳು ಬರದ ಕೋಣೆ ಬೇಕು ಎಂದು ಕಾಗದದಲ್ಲಿ ಬರೆದಿತ್ತು. ಇಡೀ ಕಟ್ಟಡದಲ್ಲಿ ಬಾಗಿಲು ಸರಿಯಾಗಿ ಮುಚ್ಚುತ್ತಿದ್ದ ಕೋಣೆ ಬ್ಯಾಟರಿ ಕೋಣೆಗೆ ಅಂಟಿಕೊಂಡಿದ್ದ ಅದೊಂದೇ. ಆ್ಯಸಿಡ್ ವಾಸನೆ ಫ್ಲಾಪಿಗಳನ್ನು ತಿಂದೀತೆಂದು ನಾನು ಅವನ್ನು ಅವ್ವ ಚಕ್ಕುಲಿ ಹಾಕಿ ಕೊಟ್ಟಿದ್ದ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚುತ್ತಿದ್ದೆ. ಕರೆಂಟು ಹೋದೀತು, ಹಲ್ಲಿ ಒಳಗೆ ಸೇರೀತು, ಯಾರಾದರೂ ಚಹಾ ಚೆಲ್ಲಿಯಾರು, ಹೀಗೆ ನನ್ನ ಚಿಂತೆಗಳಿಗೆ ಕೊರತೆ ಇರಲಿಲ್ಲ. ಯಾವುದಕ್ಕೆ ಚಿಂತೆ ಮಾಡಬೇಕಿತ್ತೋ ಅದೊಂದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಕಚೇರಿಯಲ್ಲಿ ನನಗಿದ್ದ ಮರ್ಯಾದೆಗೆ ಕಾರಣ ಒಂದು ಲೆಕ್ಕ. ಟೆಲಿಫೋನಿನವರು ತಂತಿಯ ಮೇಲೆ ಹೋಗುವ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಕಂಪ್ಯೂಟರಿನವರು ಫ್ಲಾಪಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಒಂದು ಅಕ್ಷರವೆಂದರೆ ಒಂದು ಬೈಟು, ಒಂದು ಬೈಟೆಂದರೆ ಎಂಟು ಬಿಟ್ಟು. ಇದು ಇವರಿಗೆ ತಿಳಿಯದು, ಅದು ಅವರಿಗೆ ಬೇಕಿಲ್ಲ. ನಡುವೆ ನಿಂತು ಇವರದನ್ನು ಅವರ ಅಳತೆಗೆ, ಅವರದನ್ನು ಇವರ ಅಳತೆಗೆ ತಿರುಗಿಸಿ ಹೇಳುವವನು ಐದೂ ಕಡೆಗೆ ನಾನೊಬ್ಬನೇ. ಎಂಟರಿಂದ ಭಾಗಿಸುವುದು ಬಿಟ್ಟರೆ ಅದರಲ್ಲೇನಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಒಂದು ಆದೇಶ ಬಂತು. ದಿನಗೂಲಿಯ ಮೇಲೆ ಕಂಬ ನೆಡುವ, ತಂತಿ ಎಳೆಯುವ ಮಜ್ದೂರರಲ್ಲಿ ವರ್ಷಕ್ಕೆ ಇಂತಿಷ್ಟು ದಿನ ದುಡಿದವರನ್ನು ಖಾಯಂ ಮಾಡುವುದು. ಅದಕ್ಕೆ ಪ್ರತಿಯೊಬ್ಬನ ಎಂಟು ವರ್ಷದ ಹಾಜರಿಯನ್ನು ತಿಂಗಳು ತಿಂಗಳಾಗಿ ಬರೆದು, ಗೊತ್ತುಪಡಿಸಿದ ದಿನ ಸಂಜೆ ಐದರೊಳಗೆ ಜಿಲ್ಲೆಗೆ ಮುಟ್ಟಿಸಬೇಕು. ಐದೂ ಕಡೆಯಿಂದ ಹಾಜರಿ ಪುಸ್ತಕಗಳು ಗೋಣಿಚೀಲದಲ್ಲಿ ಬಂದವು. ನೂರು ಜನ, ಒಂದೊಂದು ಕಡೆಯವರು ಇಪ್ಪತ್ತಿಪ್ಪತ್ತು. ಚೀಲ ಬಂದ ಹಾಗೆ ನಾನು ಕಂಪ್ಯೂಟರಿಗೆ ಏರಿಸುತ್ತ ಹೋದೆ. ಮೊದಲು ಕೂಡ್ಲಿಗಿಯವರು, ಕೊನೆಗೆ ಹರಪನಹಳ್ಳಿಯವರು. ಅದರಲ್ಲಿ ಬೇರೇನೂ ಉದ್ದೇಶವಿರಲಿಲ್ಲ. ಹರಪನಹಳ್ಳಿ ಚೀಲ ಬಸ್ಸಿನ ಮೇಲೆ ಎರಡು ದಿನ ತಡವಾಗಿ ಬಂದಿತ್ತು, ಅಷ್ಟೇ.

ಆ ಚೀಲದ ಹಿಂದೆಯೇ ಮೈಲಪ್ಪ ಬಂದ. ಬಾಗಳಿಯವನು. ನನಗಿಂತ ಹತ್ತು ವರ್ಷ ದೊಡ್ಡವನಾದ್ದರಿಂದ ಅವನನ್ನು ಮೈಲಪ್ಪಣ್ಣ ಎನ್ನುತ್ತಿದ್ದೆ. ಸಣಕಲು ಆಳು. ಕಂಬ ಅಪ್ಪಿ ಅಪ್ಪಿ ಎದೆಯ ಮೇಲೆ ಚರ್ಮ ದಪ್ಪಗಾಗಿತ್ತು. ಹರಪನಹಳ್ಳಿ ಕಡೆ ಎಂಟು ವರ್ಷದಿಂದ ದುಡಿಯುತ್ತಿದ್ದ. ಕೊಟ್ಟೂರಿನಲ್ಲಿ ಕೆಲಸವಿದ್ದಾಗಲೆಲ್ಲ ನನ್ನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಸುಮ್ಮನೆ ನಿಲ್ಲುತ್ತಿದ್ದ. ಅವನಿಗೆ ತನ್ನ ಹೆಸರು ನೋಡಬೇಕು. ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರದಲ್ಲಿ ಅವನ ತೊಂಬತ್ತಾರು ತಿಂಗಳು ಸಾಲಾಗಿ ನಿಂತಿರುತ್ತಿದ್ದವು. ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಬೇಕು. ತಿಂಗಳು ಹೇಳಿದರೆ ಸಾಕು, ದಿನಗಳ ಸಂಖ್ಯೆಯನ್ನು ಅವನೇ ಹೇಳುತ್ತಿದ್ದ. ಒಂದೇ ಒಂದು ಸಲವೂ ತಪ್ಪಲಿಲ್ಲ. ಈ ತಿಂಗಳು ಇಪ್ಪತ್ತಾರು, ಅರಸೀಕೆರೆ ಕಡೆ ಗುಂಡಿ ತೋಡಿದ್ದು. ಇದು ಇಪ್ಪತ್ನಾಲ್ಕು, ಹೆಂಡತಿ ಹೆತ್ತಾಗ ಎರಡು ದಿನ ಹೋಗಿದ್ದೆ. ಒಂದು ತಿಂಗಳು ಬರೀ ಆರು ಎಂದಿತ್ತು. ಇದೇನು ಎಂದೆ.

"ಅವಾಗ ಕಂಬದ ಮ್ಯಾಲಿಂದ ಬಿದ್ದಿದ್ದೆ ನೋಡ್ರಿ. ಬಿದ್ದ ದಿನ ಮಧ್ಯಾಹ್ನತನಾ ದುಡದಿದ್ದೆ, ಅದನ್ನೂ ಹಿಡೀಲಿಲ್ಲ. ಹಿಡದಿದ್ರ ಏಳಾಗ್ತಿತ್ತು."

ಖಾಯಂ ಆದರೆ ಏನು ಮಾಡ್ತೀ ಮೈಲಪ್ಪಣ್ಣ ಎಂದು ಕೇಳಿದೆ. ಸೈಕಲ್ಲೋ ಹೊಲವೋ ಹೇಳುತ್ತಾನೆಂದುಕೊಂಡಿದ್ದೆ.

"ಖಾಯಂ ಆದ್ರ ಬಿದ್ದ ದಿನಾನೂ ಹಾಜರಿ ಅಲ್ರಿ," ಎಂದ.

ಖಾಯಂ ಮಾಡಲು ಇದ್ದ ವಯಸ್ಸಿನ ಮಿತಿಯ ಅಂಚಿನಲ್ಲಿ ಅವನಿದ್ದ. ಮುಂದಿನ ಪಟ್ಟಿ ಯಾವಾಗಲೋ, ಅಷ್ಟು ಹೊತ್ತಿಗೆ ಮಿತಿ ದಾಟಿರುತ್ತದೆ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪಟ್ಟಿಯನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದರೆ ನಾಲ್ಕು ತಾಸಿಗೆ ಮುಟ್ಟುತ್ತಿತ್ತು. ಆದರೆ ಹಿಂದಿನ ಸಲ ಹಾಗೆ ಕಳಿಸಿದ ಫ್ಲಾಪಿಗೆ ಜಿಲ್ಲೆಯ ಗುಮಾಸ್ತರೊಬ್ಬರು ದಬ್ಬಳದಿಂದ ತೂತು ಹೊಡೆದು, ಕೆಂಪು ದಾರ ಪೋಣಿಸಿ, ಫೈಲಿಗೆ ಕಟ್ಟಿ ಭದ್ರವಾಗಿ ಇಟ್ಟಿದ್ದರು. ಅಲ್ಲದೆ ನಮ್ಮ ಇಂಜಿನಿಯರ್ ಸಾಹೇಬರಿಗೆ ಒಂದು ಹುಕಿ ಬಂದಿತ್ತು. ಮೋಡೆಮ್ ಎಂಬ ಪೆಟ್ಟಿಗೆ ಬಂದು ತಿಂಗಳಾಗಿದೆ, ತಾಲ್ಲೂಕಿನಿಂದ ಜಿಲ್ಲೆಗೆ ಫೋನಿನ ತಂತಿಯ ಮೇಲೆಯೇ ಪಟ್ಟಿ ಹೋಗಲಿ, ನಮ್ಮದೇ ಮೊದಲಾಗಲಿ ಎಂದರು. ಎಲ್ಲರ ಎದುರಿಗೇ ನನ್ನ ಕಡೆ ತಿರುಗಿ, ಎಷ್ಟು ಹೊತ್ತು ಲೈನು ಬೇಕು ಎಂದು ಕೇಳಿದರು. ಕೊಟ್ಟೂರಿನಿಂದ ಹೊರಊರಿಗೆ ಮಾತಾಡಲು ಆಗ ಇದ್ದದ್ದು ಎರಡೇ ಟ್ರಂಕ್ ಲೈನು. ಒಂದನ್ನು ಹಿಡಿದರೆ ಊರಿನ ಅರ್ಧ ಬಾಯಿ ಕಟ್ಟಿದ ಹಾಗೆ.

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಲೈನು ಸೆಕೆಂಡಿಗೆ ಸಾವಿರದ ಇನ್ನೂರು ಬಿಟ್ಟು. ಎಂಟರಿಂದ ಭಾಗಿಸಿದರೆ ನೂರೈವತ್ತು ಅಕ್ಷರ. ನಮ್ಮ ಪಟ್ಟಿ ಫ್ಲಾಪಿಯ ತುಂಬ, ಮೂರು ಲಕ್ಷ ಅರವತ್ತು ಸಾವಿರ ಅಕ್ಷರ. ಎರಡು ಸಾವಿರದ ನಾನೂರು ಸೆಕೆಂಡು.

"ನಲವತ್ತು ನಿಮಿಷ ಸಾರ್," ಎಂದೆ. ಶೇಷವಿಲ್ಲದೆ ಬಂದ ಉತ್ತರ ಸರಿಯಾದದ್ದೇ ಇರಬೇಕೆಂಬ ನಂಬಿಕೆ ನನಗೆ ಪ್ರೈಮರಿ ಶಾಲೆಯಿಂದ ಇದೆ. ಸಾಹೇಬರು ಮುಖ ಕಿವುಚಿ, ನಲವತ್ತೆಂದರೆ ನಲವತ್ತು, ಅದರ ಮೇಲೆ ಒಂದು ನಿಮಿಷ ಕೇಳಬೇಡ ಎಂದರು.

ಸ್ವಿಚ್‌ಬೋರ್ಡಿನಲ್ಲಿ ಕೂರುತ್ತಿದ್ದವರು ಇಮಾಂಸಾಬರು. ತಾರಿನ, ಅಂದರೆ ಟೆಲಿಗ್ರಾಮಿನ, ಮೇಜಿನಲ್ಲಿ ಇಪ್ಪತ್ತು ವರ್ಷ ಟಕ್ಕು ಟಕ್ಕು ಕುಟ್ಟಿ, ಬೆರಳು ನಡುಗತೊಡಗಿದ ಮೇಲೆ ಈ ಕುರ್ಚಿಗೆ ಬಂದವರು. ಟ್ರಂಕ್ ಕಾಲಿನಲ್ಲಿ ಮೂರು ಮೂರು ನಿಮಿಷಕ್ಕೆ ನಡುವೆ ಬಂದು "ಮೂರಾತು, ಮಾತಾಡ್ತೀರಾ?" ಎಂದು ಕೇಳುವುದು ಬೋರ್ಡಿನವರ ಪದ್ಧತಿ. ಹಾಗೆ ಕೇಳಲು ಅವರು ಲೈನಿಗೆ ಬಂದರೆ ಕಂಪ್ಯೂಟರಿನ ಅಕ್ಷರವೆಲ್ಲ ಕಲಸಿಹೋಗುತ್ತದೆ. ಅದಕ್ಕೆ ನಾನು ಒಂದು ಚೀಟಿ ಬರೆದು ಬೋರ್ಡಿಗೆ ಅಂಟಿಸಿದೆ: ಎರಡರಿಂದ ಎರಡು ನಲವತ್ತರವರೆಗೆ ಈ ಲೈನಿನಲ್ಲಿ ಯಾರೂ ಮಾತಾಡಬಾರದು, ಕೇಳಲೂಬಾರದು. ಇಮಾಂಸಾಬರು ಕನ್ನಡಕ ಮೇಲೆತ್ತಿ ಓದಿದರು.

"ಕಂಪ್ಯೂಟರ್ ಸಾಬ್, ಎಲ್ಲಾ ಬರದಿ. ಎಷ್ಟು ಕಳಸ್ತೀನಿ ಅಂತ ಆ ಕಡಿಯಾವಗ ಹೇಳಿಯೇನು?"

ಅದು ಅವರಿಗೆ ಗೊತ್ತಾಗುತ್ತದೆ ಎಂದೆ.

"ಹೆಂಗ ಗೊತ್ತಾಗ್ತದ? ತಾರಿನಾಗ ನಾವು 'ತಾಯಿ ಸತ್ತಳು ಲಗೂನ ಬಾ' ಅಂತ ಕಳಸಾದಿದ್ರೂ, ನಾಕು ಶಬ್ದ ಅಂತ ಮೊದಲ ಹೇಳ್ತಿದ್ವಿ. ಆ ಕಡಿಯಾವ ಎಣಿಸಿ, ನಾಕು ಬಂದೈತಿ ಅಂದ ಮ್ಯಾಲೆ ಕೈ ತೆಗೀತಿದ್ವಿ. ಎರಡ ಬಂದ್ರ? ಲಗೂನ ಬಾ ಅನ್ನಾದು ಹೋಗಿ ಬರೇ ತಾಯಿ ಸತ್ತಳು ಅಂತ ಉಳದ್ರ, ಆ ಮನುಷ್ಯಾ ಆರಾಮಾಗಿ ತಿಥಿಗೆ ಬರ್ತಾನ."

ನಾನು ನಕ್ಕೆ. ಸಾಬ್ರೇ ಇದು ತಾರಲ್ಲ, ಕಂಪ್ಯೂಟರು ಎಣಿಸಲು ಯಾರ ಸಹಾಯವೂ ಬೇಡ ಎಂದೆ. ಅವರು, ಆತು ತಮ್ಮಾ, ಎಂದು ಕನ್ನಡಕ ಇಳಿಸಿದರು. ಆ ನಗುವನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

ಉಳಿದದ್ದು ಗಾಳಿ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿವರೆಗೆ ತಂತಿ ರೈಲು ಹಳಿಗುಂಟ ಬಯಲಿನಲ್ಲಿ ಹೋಗುತ್ತಿತ್ತು. ಆಷಾಢದಲ್ಲಿ ಎರಡು ತಂತಿ ಒಂದಕ್ಕೊಂದು ಬಡಿದುಕೊಂಡು ಮಾತಿನ ನಡುವೆ ಕರಕರ ಎನ್ನುತ್ತಿದ್ದವು. ಮನುಷ್ಯರ ಮಾತಾದರೆ ಹೇಗೋ ಊಹಿಸಿಕೊಳ್ಳುತ್ತಾರೆ. ಮೋಡೆಮ್ಮು ಊಹಿಸುವುದಿಲ್ಲ. ಜೋತುಬಿದ್ದ ಕಡೆಯೆಲ್ಲ ಎರಡು ತಂತಿಯ ನಡುವೆ ಬಿದಿರಿನ ದಬ್ಬೆ ಕಟ್ಟಬೇಕಿತ್ತು. ಗಾಳಿಯಲ್ಲಿ ಕಂಬ ಹತ್ತುವ ಆಳು ಯಾರು ಎಂದರೆ ಎಲ್ಲರೂ ಒಂದೇ ಹೆಸರು ಹೇಳಿದರು. ಮೈಲಪ್ಪನನ್ನು ಹರಪನಹಳ್ಳಿಯಿಂದ ಕರೆಸಿದರು.

ಅವನು ಮೂರು ದಿನ ಹಳಿಗುಂಟ ನಡೆದ. ಹೆಗಲ ಮೇಲೆ ಏಣಿ, ಸೊಂಟಕ್ಕೆ ದಬ್ಬೆಯ ಕಟ್ಟು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಎರಡೂ ಕಡೆ ಎರೆಹೊಲ, ಆಗತಾನೇ ಎಲೆ ಬಿಟ್ಟ ಶೇಂಗಾ, ನಿಂತರೆ ತಳ್ಳುವ ಗಾಳಿ. ಮೇಲೆ ಅವನ ಅಂಗಿ ಗಾಳಿ ತುಂಬಿಕೊಂಡು ಉಬ್ಬಿದಾಗಲೆಲ್ಲ ನಾನು ಕೆಳಗೆ ಏಣಿಯ ಕಾಲು ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಏಣಿ ಹಿಡಿದವ ಕಣ್ಣು ಮುಚ್ಚಿದರೆ ಮ್ಯಾಲಿರಾವ ಏನು ಮಾಡಬೇಕ್ರಿ ಎಂದು ಅವನು ಕೂಗಿ ನಗಾಡಿದ. ಅಂದು ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ನನ್ನ ಪಟ್ಟಿ ಹೇಗೆ ಹೋಗುತ್ತದೆ ಎಂದು ಕೇಳಿದ. ಈ ತಂತಿಯೊಳಗೆ ನಿನ್ನ ಹೆಸರು ಶಬ್ದವಾಗಿ ಹೋಗುತ್ತದೆ ಎಂದೆ. ಅವನು ತಲೆ ಎತ್ತಿ ತಂತಿಯನ್ನು ಸ್ವಲ್ಪ ಹೊತ್ತು ನೋಡಿದ. ಎದ್ದು ಹೋಗಿ, ಆಗಲೇ ಕಟ್ಟಿದ್ದ ಒಂದು ದಬ್ಬೆಯನ್ನು ಮತ್ತೆ ಬಿಚ್ಚಿ, ಇನ್ನೊಂದು ಸುತ್ತು ಹಾಕಿ ಬಿಗಿದು ಬಂದ.

ಗೊತ್ತುಪಡಿಸಿದ ದಿನ ಮಧ್ಯಾಹ್ನ ಎರಡಕ್ಕೆ ಜಿಲ್ಲೆಯ ಲೈನು ಸಿಕ್ಕಿತು. ಮೋಡೆಮ್ಮು ಕಿರುಚಿತು, ಆ ಕಡೆಯದೂ ಕಿರುಚಿತು, ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಕೂಡ್ಲಿಗಿಯವರು ಒಬ್ಬೊಬ್ಬರಾಗಿ ಮೇಲಕ್ಕೆ ಹೋಗತೊಡಗಿದರು. ಗಾಳಿ ಜೋರಾಗಿತ್ತು, ಆದರೂ ಒಂದು ಅಕ್ಷರ ಕೆಡಲಿಲ್ಲ. ಸಾಹೇಬರು ಹತ್ತು ನಿಮಿಷ ನಿಂತು ನೋಡಿ, ಕೈ ಹಿಂದೆ ಕಟ್ಟಿಕೊಂಡು ಹೊರಟುಹೋದರು. ಬೋರ್ಡಿನ ಮುಂದಿನ ಬೆಂಚಿನಲ್ಲಿ ಶೇಂಗಾ ವ್ಯಾಪಾರದವರೊಬ್ಬರು ತಮ್ಮ ಟ್ರಂಕ್ ಕಾಲಿಗೆ ಕಾಯುತ್ತ, ಏನ್ರೀ ಸಾಬ್ರ, ಯಾರೂ ಮಾತಾಡದ ಲೈನಿಗೆ ಇಷ್ಟೊತ್ತು ಕಾವಲೇನ್ರಿ ಎಂದು ಕುಟುಕುತ್ತಿದ್ದುದು ಕೇಳುತ್ತಿತ್ತು.

ಎರಡು ನಲವತ್ತಕ್ಕೆ ಇಮಾಂಸಾಬರ ದನಿ ಬಂತು.

"ನಲವತ್ತಾತು ತಮ್ಮಾ. ತೆಗೀಲೇನು?"

ಪರದೆಯ ಮೇಲೆ ಅಕ್ಷರಗಳು ಇನ್ನೂ ಓಡುತ್ತಿದ್ದವು. ಹಡಗಲಿಯವರು ಮುಗಿದು ಹರಪನಹಳ್ಳಿ ಎಂಬ ತಲೆಬರಹ ಆಗತಾನೇ ಹಾದುಹೋಗಿತ್ತು. ನಾನದನ್ನು ನೋಡಿದೆ. ನೋಡಿಲ್ಲ ಎಂದು ಹೇಳುವಂತಿಲ್ಲ. ನೋಡಿ, ನನಗೆ ನಾನೇ ಒಂದು ವಿವರಣೆ ಕೊಟ್ಟುಕೊಂಡೆ. ಪರದೆಗೆ ತೋರಿಸುವ ಕೆಲಸ ನಿಧಾನ, ತಂತಿಗೆ ಹೋಗಬೇಕಾದದ್ದು ಮೊದಲೇ ಹೋಗಿದೆ. ಲೆಕ್ಕ ನಲವತ್ತು ಎಂದಿದೆ, ನಲವತ್ತಾಗಿದೆ.

"ತೆಗೀರಿ ಸಾಬ್ರೇ," ಎಂದೆ.

ಕೆಂಪು ದೀಪ ಆರಿತು. ಅಕ್ಷರಗಳು ಮಾತ್ರ ಓಡುತ್ತಲೇ ಇದ್ದವು. ಆ ಕಡೆ ಯಾರೂ ಕೇಳುತ್ತಿಲ್ಲ ಎಂಬುದು ಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬೇಡದ್ದಕ್ಕೆಲ್ಲ ಚಿಂತೆ ಮಾಡಿದ ನಾನು ಆ ಹತ್ತು ನಿಮಿಷ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನೆಮ್ಮದಿಯಾಗಿ ಒಂದು ಲೋಟ ಚಹಾ ಕುಡಿದೆ. ಮೈಲಪ್ಪನ ಹೆಸರು ನನ್ನ ಕಣ್ಣೆದುರಿಗೇ ಹಾದುಹೋಯಿತು. ಲೋಟ ಎತ್ತಿ ಅದಕ್ಕೊಂದು ನಮಸ್ಕಾರವನ್ನೂ ಮಾಡಿದೆ ಎಂದು ನೆನಪು. ಆಮೇಲೆ ಜಿಲ್ಲೆಗೆ ಫೋನು ಹಚ್ಚಿ ಬಂತೇ ಎಂದು ಕೇಳಿದೆ. ಬಂದಿದೆ, ತೆರೆದಿದೆ, ಮೊದಲಿಗೆ ಕೂಡ್ಲಿಗಿ ಅಂತ ಇದೆ ಎಂದರು. ಕೊನೆಗೆ ಏನಿದೆ ಎಂದು ನಾನು ಕೇಳಲಿಲ್ಲ.

ಆ ಸಂಜೆ ಮೈಲಪ್ಪ ಹಳಿಯ ಕಡೆಯಿಂದ ಬಂದ. ಮಧ್ಯಾಹ್ನವಿಡೀ ಅತಿ ಜೋತುಬಿದ್ದ ತಂತಿಯ ಕೆಳಗೆ ಏಣಿ ಇಟ್ಟುಕೊಂಡು ಕೂತಿದ್ದನಂತೆ, ದಬ್ಬೆ ಜಾರಿದರೆ ಹತ್ತಿ ಹಿಡಿಯೋಣ ಎಂದು. ಕಣ್ಣು, ಕಿವಿ, ಮೀಸೆಯೆಲ್ಲ ಮಣ್ಣು. ಹೋಯ್ತು ಮೈಲಪ್ಪಣ್ಣ ಎಂದೆ. ಅವನು ಮೋಡೆಮ್ಮಿನ ಪೆಟ್ಟಿಗೆಯನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡ.

ಶ್ರಾವಣ ಕಳೆಯಿತು, ದಸರೆ ಕಳೆಯಿತು. ಬನ್ನಿ ಕೊಟ್ಟ ಮರುವಾರ ಖಾಯಂ ಆದವರ ಪಟ್ಟಿ ಬಂತು. ನಾಲ್ಕು ಕಡೆಯವರ ಹೆಸರಿತ್ತು. ಹರಪನಹಳ್ಳಿಯ ಇಪ್ಪತ್ತರಲ್ಲಿ ಒಬ್ಬನದೂ ಇರಲಿಲ್ಲ. ಅವರನ್ನು ಯಾರೂ ತಿರಸ್ಕರಿಸಿರಲಿಲ್ಲ, ಅಂಥವರಿದ್ದಾರೆ ಎಂಬುದೇ ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ತರಬೇತಿಯ ನೋಟ್‌ಬುಕ್ಕು ತೆಗೆದೆ. ನನ್ನದೇ ದುಂಡು ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದಿತ್ತು. ಅಕ್ಷರ ಫ್ಲಾಪಿಯಲ್ಲಿ ಕೂತಿದ್ದಾಗ ಎಂಟು ಬಿಟ್ಟು. ಆದರೆ ಫೋನಿನ ತಂತಿಯ ಮೇಲೆ ಹೋಗುವಾಗ ಪ್ರತಿ ಅಕ್ಷರದ ಮುಂದೆ, ಇಗೋ ಬಂತು ಎನ್ನಲು ಒಂದು ಬಿಟ್ಟು, ಹಿಂದೆ, ಇಗೋ ಮುಗಿಯಿತು ಎನ್ನಲು ಇನ್ನೊಂದು. ಗೂಡ್ಸ್ ಗಾಡಿಗೆ ಮುಂದೆ ಇಂಜಿನ್ನು, ಹಿಂದೆ ಗಾರ್ಡಿನ ಡಬ್ಬಿ ಇದ್ದ ಹಾಗೆ. ಒಟ್ಟು ಹತ್ತು. ಎಂಟರಿಂದಲ್ಲ, ಹತ್ತರಿಂದ ಭಾಗಿಸಬೇಕು. ಸೆಕೆಂಡಿಗೆ ನೂರೈವತ್ತಲ್ಲ, ನೂರಿಪ್ಪತ್ತು ಅಕ್ಷರ. ನಲವತ್ತಲ್ಲ, ಐವತ್ತು ನಿಮಿಷ. ಬಿಟ್ಟುಹೋದ ಹತ್ತು ನಿಮಿಷದಲ್ಲಿ ಹರಪನಹಳ್ಳಿಯವರು ಕೂತಿದ್ದರು, ಇಪ್ಪತ್ತೂ ಜನ.

ನಾನು ಇದೆಲ್ಲವನ್ನೂ ಬರೆದು ಸಾಹೇಬರ ಮುಂದಿಟ್ಟೆ. ಧೈರ್ಯದಿಂದಲ್ಲ, ಭಯಕ್ಕೆ. ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ ಎಂದು. ಅವರು ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವೇ ಎಂದು ಮೆತ್ತಗೆ ಕೇಳಿದರು. ಗಾಳಿಗೆ ಲೈನು ಕೆಟ್ಟಿತ್ತು ಎಂದು ಬರೆ, ಗಾಳಿಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ ಎಂದರು. ಹಾಗೇ ಬರೆದೆ. ತಂತಿಗಳ ತಾತ್ಕಾಲಿಕ ಜೋಡಣೆ ಸಡಿಲವಾದ್ದರಿಂದ ಎಂಬ ಒಂದು ವಾಕ್ಯವನ್ನೂ ಅವರೇ ಹೇಳಿ ಸೇರಿಸಿದರು. ಆ ಜೋಡಣೆ ಮೈಲಪ್ಪನ ದಬ್ಬೆಗಳೇ ಎಂದು ತಿಳಿದೂ ಎರಡು ಸಲ ಓದಿ ಸಹಿ ಹಾಕಿದೆ. ಹರಪನಹಳ್ಳಿಯವರ ಹಾಜರಿ ಪುಸ್ತಕಗಳನ್ನು ಕಾಗದದಲ್ಲೇ ಮತ್ತೆ ಕಳಿಸಿದ್ದಕ್ಕೆ, ಅವಧಿ ಮುಗಿದಿದೆ, ಮುಂದಿನ ಪಟ್ಟಿಯಲ್ಲಿ ನೋಡಲಾಗುವುದು ಎಂದು ಉತ್ತರ ಬಂತು. ಆ ಮುಂದಿನ ಪಟ್ಟಿ ನಾಲ್ಕು ವರ್ಷದ ಮೇಲೆ ಬಂತು. ಹದಿನಾಲ್ಕು ಜನ ಅದರಲ್ಲಿ ಸೇರಿದರು. ವಯಸ್ಸು ಮೀರಿದ ಆರು ಜನ ಸೇರಲಿಲ್ಲ, ಮೈಲಪ್ಪ ಅವರಲ್ಲೊಬ್ಬ. ಅದಾದ ಎರಡನೇ ಮುಂಗಾರಿನಲ್ಲಿ ಅವನು ಕಂಬದ ಮೇಲಿದ್ದಾಗ ಕಂಬವೇ ಬಿತ್ತಂತೆ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಯಾರೋ ಮದುವೆಮನೆಯಲ್ಲಿ ಊಟದ ಸಾಲಿನಲ್ಲಿ ಹೇಳಿದರು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಕೊನೆಗೆ ಉಳಿಸಿಕೊಂಡರೆ ಓದುವವರು ಅದನ್ನೇ ಈ ಕಥೆಯ ದುಃಖ ಎಂದುಕೊಳ್ಳುತ್ತೀರಿ. ನನಗೆ ಹಾಗಲ್ಲ. ನನ್ನದು ಆ ವರ್ಷದ ದೀಪಾವಳಿಗೆ ನಾಲ್ಕು ದಿನವಿದ್ದಾಗಿನ ಒಂದು ಮುಂಜಾನೆ.

ಲೈನು ಕೆಟ್ಟಿದ್ದರಿಂದ ಪಟ್ಟಿ ಹೋಗಲಿಲ್ಲ ಎಂಬ ಮಾತು ಹರಪನಹಳ್ಳಿಗೂ ಮುಟ್ಟಿತ್ತು. ಜೊತೆಯ ಹತ್ತೊಂಬತ್ತು ಜನ ಮೈಲಪ್ಪನಿಗೆ ಏನೇನು ಅಂದರೋ ನನಗೆ ಗೊತ್ತಿಲ್ಲ. ಅಂದು ಕಚೇರಿ ತೆರೆಯುವ ಹೊತ್ತಿಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಾಲು ಮೊಣಕಾಲಿನವರೆಗೆ ಎರೆಮಣ್ಣು. ಯಾರೂ ಹೇಳದೆ, ಯಾರೂ ಕರೆಸದೆ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನವರೆಗೆ ಎರಡು ದಿನ ಹಳಿಗುಂಟ ನಡೆದು ಬಂದಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಎಲ್ಲಾ ಕಂಬಕ್ಕೂ ಹತ್ತಿ ನೋಡಿದೆ ಸಾರ್. ಒಂದು ದಬ್ಬಿನೂ ಕಳಚಿಲ್ರಿ. ಹೆಂಗ ಕಟ್ಟಿದ್ನೋ ಹಂಗ ಅದಾವ. ನನ್ನ ಕೈಯಾಗಿಂದ ಏನೂ ತಪ್ಪಾಗಿಲ್ರಿ. ಆದ್ರೂ ಆ ದಿನ ಎಲ್ಲಿ ತಪ್ಪೇತಿ ಅಂತ ನನಗ ತಿಳೀವಲ್ದು. ನೀವು ಓದಿದೋರು, ಹೇಳ್ರಿ."

ಬೋರ್ಡಿನ ಮುಂದೆ ಇಮಾಂಸಾಬರು ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಎಲ್ಲ ಗೊತ್ತಿತ್ತು, ಅವರ ಕೈಯೇ ಅಲ್ಲವೇ ಬೋರ್ಡಿನಿಂದ ತಂತಿ ಕಿತ್ತದ್ದು. ಆದರೂ ಒಂದು ದಿನವೂ ನನಗೊಂದು ಮಾತು ಅಂದಿರಲಿಲ್ಲ. ಈಗ ನನ್ನ ಮುಖ ನೋಡಿದರು.

ನಾನು ಮೈಲಪ್ಪನನ್ನು ಕಟ್ಟಡದ ಹಿಂದಿನ ಬೇವಿನ ಮರದ ಹತ್ತಿರ ಕರೆದೊಯ್ದು ಹೇಳಿದೆ. ಎಂಟು, ಹತ್ತು, ಇಂಜಿನ್ನು, ಗಾರ್ಡಿನ ಡಬ್ಬಿ, ನಲವತ್ತು, ಐವತ್ತು. ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ತಪ್ಪು ಲೈನಿನದಲ್ಲ, ನನ್ನ ಲೆಕ್ಕದ್ದು ಎಂದೆ. ಸಹಿ ಹಾಕಿದ ಕಾಗದದ ವಿಷಯ ಹೇಳಲಿಲ್ಲ. ಅದನ್ನು 'ಆಮೇಲೆ ಹೇಳೋಣ' ಎಂದುಕೊಂಡೆ. ಆ ಆಮೇಲೆ ಇಲ್ಲಿ ಈಗ ಬಂದಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಅತ್ತು ಹಗುರಾಗುತ್ತಿದ್ದೆ. ಅವನು ನೆಲದ ಮೇಲಿನ ಗೀಟುಗಳನ್ನೇ ನೋಡುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ. ಆಮೇಲೆ ಕೇಳಿದ.

"ನನ್ನದೊಬ್ಬಂದ ಹೋಗಾಕ ಎಷ್ಟೊತ್ತು ಬೇಕಿತ್ರಿ?"

ತೊಂಬತ್ತಾರು ತಿಂಗಳು, ಹೆಸರು, ಊರು, ಎಲ್ಲ ಸೇರಿ ಮೂರು ಸಾವಿರದ ಆರು ನೂರು ಅಕ್ಷರ. ನೂರಿಪ್ಪತ್ತರಿಂದ ಭಾಗಿಸಿದೆ. ಈ ಸಲ ತಪ್ಪಲಿಲ್ಲ.

"ಅರ್ಧ ನಿಮಿಷ ಮೈಲಪ್ಪಣ್ಣ."

"ಎಂಟು ವರ್ಸದ್ದೂ?"

"ಎಂಟು ವರ್ಷದ್ದೂ."

ಅವನು ತಲೆಯಾಡಿಸಿದ. ಅಂಗೈಯಿಂದ ನೆಲದ ಮೇಲಿನ ನನ್ನ ಗೀಟುಗಳನ್ನು ನಿಧಾನವಾಗಿ ಒರೆಸಿ ಸಮ ಮಾಡಿದ, ಅಡುಗೆ ಮನೆಯಲ್ಲಿ ಚೆಲ್ಲಿದ ಹಿಟ್ಟು ಬಳಿಯುವ ಹಾಗೆ. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದ.

"ನಿನ್ನೆ ಮೊನ್ನೆ ಎರಡು ದಿನ ತಂತಿ ನೋಡಿದೀನಲ್ರಿ," ಎಂದ. "ಅವನ್ನ ಹಾಜರಿಗೆ ಹಿಡೀರಿ."